ಕಾಲುವೆಯ ಕೊನೆಯ ಹೊಲ



ಹಂಪಿಯ ದೇಗುಲಗಳನ್ನು ನೋಡಲು ಬರುವವರು ಅಲ್ಲಿನ ಬಾಳೆತೋಟಗಳ ನಡುವೆ ಹರಿಯುವ ಕಾಲುವೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ವಿಜಯನಗರದ ಅರಸರ ಕಾಲದ್ದು ಅದು. ಹೊಸಪೇಟೆಯ ರಾಯ ಮತ್ತು ಬಸವಣ್ಣ ಕಾಲುವೆಗಳೂ, ಕಂಪ್ಲಿಯ ಕಾಲುವೆಯೂ ಆ ಕಾಲದವೇ. 1565ರ ತಾಳಿಕೋಟೆ ಯುದ್ಧದ ಬಳಿಕ ರಾಜಧಾನಿ ಹಾಳಾಯಿತು; ಕಾಲುವೆಗಳು ಉಳಿದವು. ಹೂಳೆತ್ತದ ಕಾಲುವೆ ಬೇಗ ಮುಚ್ಚಿಹೋಗುತ್ತದೆ. ಇವು ಇಂದಿಗೂ ಹರಿಯುತ್ತಿವೆ ಎಂದರೆ ಅದರ ಹಿಂದೆ ಎಷ್ಟೋ ತಲೆಮಾರುಗಳ ದುಡಿಮೆಯಿದೆ.

ಕಾಲುವೆಯ ಕಷ್ಟ ರೈತರಿಗೆ ಗೊತ್ತು. ತೂಬಿನ ಬಳಿ ಹೊಲವಿದ್ದವನಿಗೆ ನೀರು ತಾನಾಗಿ ಬರುತ್ತದೆ. ಕೊನೆಯ ಹೊಲದವನಾದರೋ ಮೇಲಿನವರ ನ್ಯಾಯಬುದ್ಧಿಯನ್ನು ನಂಬಿಯೇ ಬಿತ್ತಬೇಕು. 2000ದಲ್ಲಿ ಕರ್ನಾಟಕದ ನೀರಾವರಿ ಕಾಯಿದೆಗೆ ತಿದ್ದುಪಡಿ ತಂದು, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹಂಚಿಕೆಯ ಹೊಣೆ ವಹಿಸಲು ದಾರಿ ಮಾಡಲಾಯಿತು. ಆದರೆ ಸಂಘವನ್ನು ನೋಂದಾಯಿಸಿದರಷ್ಟೇ ಸಾಲದು. ನೀರು ಕಡಿಮೆಯಾದ ವರ್ಷ, ಮೇಲಿನ ಹೊಲದವನು ತನ್ನ ಸರದಿ ಮುಗಿದ ಕೂಡಲೇ ನೀರನ್ನು ಕೆಳಕ್ಕೆ ಬಿಡುತ್ತಾನೆಯೇ? ಸಂಘದ ನಿಜವಾದ ಪರೀಕ್ಷೆ ಅದೇ.

ಆದಿ ಧರ್ಮಸಭೆಯೂ ಈ ಪರೀಕ್ಷೆಯನ್ನು ಎದುರಿಸಿತು. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯವನ್ನು ಓದಿರಿ. ದಿನದಿನದ ಆಹಾರ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಮಾತನಾಡುವ ವಿಶ್ವಾಸಿಗಳು ಗೊಣಗಿದರು. ಪ್ರೇಷಿತರು ಅವರ ಬಾಯಿ ಮುಚ್ಚಿಸಲಿಲ್ಲ. ತಾವೇ ಯಾರನ್ನೋ ನೇಮಿಸಿ ಸುಮ್ಮನಾಗಲೂ ಇಲ್ಲ. ಎಲ್ಲರನ್ನೂ ಸೇರಿಸಿ, ಏಳು ಮಂದಿಯನ್ನು ಆರಿಸುವ ಕೆಲಸವನ್ನು ಸಭೆಗೇ ಬಿಟ್ಟರು. ಸಭೆ ಆರಿಸಿದವರ ಹೆಸರುಗಳನ್ನು ಗಮನಿಸಿದ್ದೀರಾ? ಸ್ತೇಫನ, ಫಿಲಿಪ್ಪರಿಂದ ಹಿಡಿದು ನಿಕೋಲಾಯನವರೆಗೆ ಏಳೂ ಗ್ರೀಕ್ ಹೆಸರುಗಳು! ದೂರು ಹೇಳಿದವರ ಕಡೆಯವರ ಕೈಗೇ ಸಭೆಯು ಬಡಿಸುವ ಸೌಟನ್ನು ಕೊಟ್ಟಿತೆಂದು ಅನೇಕ ಪಂಡಿತರು ಹೇಳುತ್ತಾರೆ. ಪ್ರೇಷಿತರು ಆ ಏಳು ಮಂದಿಯ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸಿದರು. ಹಂಚಿಕೆಯ ಲೆಕ್ಕವೂ ಅಲ್ಲಿ ಪವಿತ್ರ ಸೇವೆಯಾಯಿತು.

ನಮ್ಮಲ್ಲಿ ಏನಾಗುತ್ತಿದೆ? ಸ್ವಸಹಾಯ ಸಂಘದಲ್ಲಿ ಜೋರಾಗಿ ಮಾತನಾಡುವವರಿಗೆ ಮೊದಲು ಸಾಲ. ಧರ್ಮಕೇಂದ್ರದ ಸಮಿತಿಯಲ್ಲಿ ವರ್ಷ ವರ್ಷವೂ ಅದೇ ನಾಲ್ಕು ಮುಖಗಳು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆಯನ್ನು ಖರ್ಚುವೆಚ್ಚದ ಮಾತಿಗೆ ಯಾರೂ ಕರೆಯುವುದಿಲ್ಲ. ಯಾರೂ ದೂರುತ್ತಿಲ್ಲವೆಂದು ನಾವು ನೆಮ್ಮದಿಯಿಂದಿದ್ದೇವೆ. ಆದರೆ ದೂರಿ ದೂರಿ ದಣಿದವರು ಕೊನೆಗೆ ಸಭೆಗೆ ಬರುವುದನ್ನೇ ಬಿಡುತ್ತಾರೆ. ಗೊಣಗುವವರಿಗೆ ಇನ್ನೂ ನಮ್ಮ ಮೇಲೆ ನಂಬಿಕೆಯಿದೆ. ಮೌನವಾದವರು ನಂಬಿಕೆ ಕಳೆದುಕೊಂಡಿರಬಹುದು.

ಪ್ರಿಯರೇ, ಪ್ರೀತಿ ಇದ್ದರೆ ನಿಯಮ ಏಕೆ ಎಂದು ಕೇಳಬೇಡಿ. ಬಲವಿಲ್ಲದವನಿಗೂ ಅವನ ಪಾಲು ತಲುಪುವಂತೆ ನಿಯಮವಿಡುವುದೇ ಪ್ರೀತಿ. ಈ ವಾರ ನಿಮ್ಮ ಮನೆಯಲ್ಲಿ, ನಿಮ್ಮ ಸಂಘದಲ್ಲಿ ಕೊನೆಯ ಹೊಲ ಯಾರದೆಂದು ನೋಡಿರಿ. ಅವರ ಮಾತನ್ನು ಮೊದಲು ಕೇಳಿರಿ. ಸಾಧ್ಯವಾದರೆ ಲೆಕ್ಕದ ಪುಸ್ತಕವನ್ನೂ ಅವರ ಕೈಗೆ ಕೊಡಿರಿ. ಶಿಷ್ಯರ ಪಾದ ತೊಳೆದ ಪ್ರಭು ಯೇಸು, ನಮ್ಮ ಸರದಿ ಮುಗಿದಾಗ ನೀರನ್ನು ಕೆಳಕ್ಕೆ ಬಿಡುವ ಮನಸ್ಸನ್ನು ನಮಗೆಲ್ಲರಿಗೂ ಕರುಣಿಸಲಿ.