ತೊಗಟೆಯ ಮರೆಯ ಜೀವ

ವಿಜಯದಶಮಿಯಂದು ನಾವು ಶಮೀವೃಕ್ಷವನ್ನು ಪೂಜಿಸುವುದು ಅದು ಫಲವಿತ್ತಿತೆಂದಲ್ಲ, ನೆರಳಿತ್ತಿತೆಂದೂ ಅಲ್ಲ; ಅಜ್ಞಾತವಾಸಕ್ಕೆ ಹೊರಟ ಪಾಂಡವರು ತನ್ನಲ್ಲಿ ಬಚ್ಚಿಟ್ಟ ಆಯುಧಗಳನ್ನು ವರ್ಷಪರ್ಯಂತ ಕಾಪಾಡಿತೆಂದು. ನಂಬಿ ಬಂದುದನ್ನು ಮರೆಯಲ್ಲಿಟ್ಟು ಕಾಯುವ ಗುಣಕ್ಕೆ ಸಲ್ಲುವ ನಮಸ್ಕಾರವೇ ಬನ್ನಿಪೂಜೆಯ ಅಂತರಾರ್ಥವೆನ್ನಬಹುದು.

ಈ ಗುಣ ಶಮಿಯೊಂದಕ್ಕೇ ಮೀಸಲಲ್ಲ. ಕಾಡಿನಲ್ಲಿ ಸತ್ತು ಬಿದ್ದ ಮರದ ಸಡಿಲ ತೊಗಟೆಯಡಿಯಲ್ಲಿ ಕಾಗದದಂತೆ ಚಪ್ಪಟೆಯಾದ, ಕೆಲವೇ ಮಿಲಿಮೀಟರು ಉದ್ದದ ಕೀಟವೊಂದು ವಾಸಿಸುತ್ತದೆ. ಅರಾಡಿಡೇ ಎಂಬ ಈ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 2000 ಪ್ರಭೇದಗಳಿವೆ. ದೇಹಕ್ಕಿಂತಲೂ ಉದ್ದವಾದ ಕೂದಲೆಳೆಯಂಥ ಹೀರುಸೂಜಿಗಳನ್ನು ಅದು ತಲೆಯೊಳಗೆ ಸುರುಳಿ ಸುತ್ತಿಟ್ಟುಕೊಂಡಿರುತ್ತದೆ. ಹಸಿದಾಗ ಬಿಚ್ಚಿ, ಕೊಳೆವ ಮರದಲ್ಲಿ ಹಬ್ಬಿದ ಬೂಷ್ಟಿನ ಎಳೆಗಳಿಂದ ರಸ ಹೀರುತ್ತದೆ. ಅನೇಕ ಪ್ರಭೇದಗಳಿಗೆ ರೆಕ್ಕೆಯೇ ಇಲ್ಲ. ಅವುಗಳಿಗೆ ಆ ದಿಮ್ಮಿಯೇ ಭೂಮಂಡಲ.

ಇದು ತಿಗಣೆಯ ದೂರದ ದಾಯಾದಿ. ಡೊಂಬಿವಲಿ, ಕಲ್ಯಾಣಗಳ ಚಾಳುಗಳಲ್ಲಿ ಸಂಸಾರ ಹೂಡಿದ ಹಿರಿಯರಿಗೆ ತಿಗಣೆಯೆಂದರೆ ನಿದ್ದೆಗೆಡಿಸಿದ ವೈರಿ. ಆದರೆ ಈ ವನವಾಸಿಗೆ ನಮ್ಮ ರಕ್ತ ಬೇಡ, ನಮ್ಮ ಬೆಳೆಯೂ ಬೇಡ. ಕುಲದ ಹೆಸರು ಕೇಳಿದೊಡನೆ ತೀರ್ಪು ಕೊಡುವುದು ಮನುಷ್ಯರ ವಿಷಯದಲ್ಲಿ ಅಧರ್ಮವಾದರೆ, ಕೀಟದ ವಿಷಯದಲ್ಲಿ ಧರ್ಮವಾದೀತೆ?

“ಇದರಿಂದ ನಮಗೇನು ಪ್ರಯೋಜನ?” ಎಂದು ಲೌಕಿಕರು ಕೇಳಬಹುದು. ನೇರವಾದ ಪ್ರಯೋಜನವನ್ನು ತೋರಿಸುವುದು ಕಷ್ಟವೇ. ಆದರೆ ಪ್ರಯೋಜನವೊಂದೇ ಬದುಕುವ ಹಕ್ಕಿಗೆ ಅಳತೆಗೋಲಾದರೆ, ದುಡಿಮೆ ಮುಗಿಸಿ ಮೂಲೆಯಲ್ಲಿ ಕುಳಿತ ವೃದ್ಧರಿಗೆ ನಮ್ಮ ಮನೆಗಳಲ್ಲಿ ಯಾವ ಸ್ಥಾನವಿದ್ದೀತು? ಎಲೆ ಉದುರಿ, ಉಸಿರು ನಿಂತ ಮೇಲೂ ಆಶ್ರಿತರನ್ನು ಕೈಬಿಡದ ಮರವು ನಮಗಿಂತ ದೊಡ್ಡ ಗೃಹಸ್ಥನಲ್ಲವೆ?

ನವರಾತ್ರಿಯಲ್ಲಿ ದೇವಿಯನ್ನು ಸಕಲ ಜೀವಿಗಳಲ್ಲಿ ನೆಲಸಿದವಳೆಂದು ಸ್ತುತಿಸುತ್ತೇವೆ. ಆ ಮಾತು ತುಟಿಯಿಂದ ಕೆಳಗಿಳಿಯಬೇಕಾದರೆ ಆಚರಣೆಯಲ್ಲಿ ತುಸು ಸಂಯಮ ಬೇಕು. ನಾವು ನೆಲಸಿರುವ ಈ ನಾಡಿನಲ್ಲಿ ದಸರೆಯ ಬಂಗಾರವೆಂದು ಆಪಟೆಯ ಎಲೆ ಹಂಚುವ ರೂಢಿ. ಅದಕ್ಕಾಗಿ ಕೊಂಬೆಕೊಂಬೆಗಳನ್ನೇ ಮುರಿದು ಮಾರುಕಟ್ಟೆಗೆ ತರುತ್ತಾರೆ. ಸದ್ಭಾವವನ್ನು ಸೂಚಿಸಲು ಒಂದೆಲೆ ಸಾಲದೆ? ಠಾಣೆಯ ಯೇವೂರಿನ ಕಾಡಿಗೋ, ನವಿ ಮುಂಬಯಿಯ ಪಾರಸಿಕ ಬೆಟ್ಟಕ್ಕೋ ಮಕ್ಕಳೊಡನೆ ಹೋದಾಗ ಬಿದ್ದ ದಿಮ್ಮಿಯ ತೊಗಟೆಯನ್ನು ಕಿತ್ತು ನೋಡುವ ಕುತೂಹಲವನ್ನು ತಡೆಯೋಣ. ಒಳಗೊಂದು ಸಂಸಾರವಿದೆಯೆಂದು ಅವರಿಗೆ ಹೇಳೋಣ. ಕಣ್ಣಿಗೆ ಕಾಣದುದನ್ನೂ ಗೌರವಿಸಲು ಕಲಿತ ಮಗುವಿಗೆ ದೇವರನ್ನು ನಂಬುವುದು ಕಷ್ಟವಾಗದು.