ಬಾಕಿ ಹಣ ಮತ್ತು ಸಹೋದರನ ರಕ್ತ



ಅನ್ಯಾಯವಾಗಿ ಒಬ್ಬನನ್ನು ಕೊಂದವನು ಇಡೀ ಮಾನವಕುಲವನ್ನೇ ಕೊಂದಂತೆ ಎಂಬುದು ಪವಿತ್ರ ಕುರ್‌ಆನ್‌ನ ಬೋಧನೆ (5:32). ಅಂತ್ಯದಿನ ಜನರ ನಡುವೆ ಮೊತ್ತಮೊದಲು ತೀರ್ಮಾನವಾಗುವುದು ರಕ್ತದ ವ್ಯಾಜ್ಯ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಆದರೂ ಗಾಂಜಾದ ಬಾಕಿಗಾಗಿ ಗೆಳೆಯನೇ ಗೆಳೆಯನ ಮೇಲೆ ಚೂರಿ ಎತ್ತುವಷ್ಟು ಮನುಷ್ಯ ಕುರುಡನಾಗುತ್ತಾನೆ.

ಈ ದಾರಿ ಎಲ್ಲಿ ಮುಟ್ಟುತ್ತದೆಂದು ನೋಡಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1994ರಿಂದ 2002ರ ತನಕ ಬೈಕ್ ಸವಾರರ ಗುಂಪುಗಳು ಮಾದಕ ವಸ್ತುವಿನ ವ್ಯಾಪಾರಕ್ಕಾಗಿ ಕಾದಾಡಿದವು. 150ಕ್ಕೂ ಹೆಚ್ಚು ಜನ ಸತ್ತರು. 1995ರ ಆಗಸ್ಟಿನಲ್ಲಿ ಬಾಂಬಿಗೆ ಬಲಿಯಾದವನು ಹನ್ನೊಂದು ವರ್ಷದ ಒಬ್ಬ ದಾರಿಹೋಕ ಬಾಲಕ. ಒಂದು ಗುಂಪಿನ ನಾಯಕ ಮೋರಿಸ್ ಬೂಶೇ, ಇಬ್ಬರು ಜೈಲು ಸಿಬ್ಬಂದಿಯನ್ನು ಕೊಲ್ಲಿಸಿದ್ದಕ್ಕಾಗಿ 2002ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ. 2022ರಲ್ಲಿ ಶಿಕ್ಷೆ ಅನುಭವಿಸುತ್ತಲೇ ಸತ್ತ. ಆತ ಗಳಿಸಿದ ಹಣ ಅವನನ್ನು ಬಿಡಿಸಲಿಲ್ಲ.

ಸಾಲವನ್ನು ಬರೆದಿಡಿ, ಸಾಕ್ಷಿಗಳನ್ನಿಡಿ (2:282), ಸಾಲಗಾರ ಕಷ್ಟದಲ್ಲಿದ್ದರೆ ಕಾಲಾವಕಾಶ ಕೊಡಿ (2:280) ಎಂದು ಅಲ್ಲಾಹನು ಕಲಿಸಿದ್ದಾನೆ. ಅಮಲಿನ ಸಾಲಕ್ಕೆ ಬರಹವಿಲ್ಲ, ಸಾಕ್ಷಿಯಿಲ್ಲ, ಕೋರ್ಟಿಲ್ಲ. ಆದ್ದರಿಂದಲೇ ಅದರ ವಸೂಲಿಗೆ ಚೂರಿ ಬರುತ್ತದೆ.

ಪ್ರವಾದಿ(ಸ)ರ ಮಸೀದಿಯಲ್ಲಿ ಕಅಬ್ ಬಿನ್ ಮಾಲಿಕ್(ರ) ತಮಗೆ ಬರಬೇಕಾದ ಸಾಲವನ್ನು ಒಬ್ಬರಲ್ಲಿ ಕೇಳಿದರು. ಮಾತು ಏರಿತು. ಪ್ರವಾದಿ(ಸ)ರು ಕೋಣೆಯ ಪರದೆ ಸರಿಸಿ, ಅರ್ಧ ಬಿಟ್ಟುಬಿಡುವಂತೆ ಕಅಬ್‌ರಿಗೆ ಕೈಸನ್ನೆ ಮಾಡಿದರು. ಅವರು ತಕ್ಷಣ ಒಪ್ಪಿದರು. ಉಳಿದುದನ್ನು ಈಗಲೇ ತೀರಿಸು ಎಂದು ಸಾಲಗಾರನಿಗೆ ಅಪ್ಪಣೆಯಾಯಿತು. ಜಗಳ ಅಲ್ಲಿಗೇ ಮುಗಿಯಿತು. ಅದು ಹಲಾಲ್ ಸಾಲ, ಮಧ್ಯೆ ಹಿರಿಯರಿದ್ದರು. ಹರಾಮ್ ಸಾಲ ಮಾಡಿದ ಹುಡುಗ ಯಾವ ಹಿರಿಯರ ಬಳಿ ಹೋಗಬೇಕು?

ಗುಂಡ್ಲುಪೇಟೆಯಿಂದ ಒಂದು ರಸ್ತೆ ಬಂಡೀಪುರ ದಾಟಿ ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ಚಾಮರಾಜನಗರದ ಹುಡುಗರೂ ರಜೆಯಲ್ಲಿ ಬೈಕು ಹತ್ತಿ ಅತ್ತ ಹೊರಡುತ್ತಾರೆ. ಬೈಕು ಪಾಪವಲ್ಲ. ಆದರೆ ಜೊತೆಗಿರುವವನು ಯಾರು? ಮೊದಲ ಸಲ ಅವನು ದುಡ್ಡು ಕೇಳುವುದಿಲ್ಲ, ‘ಆಮೇಲೆ ಕೊಡು’ ಎನ್ನುತ್ತಾನೆ. ಬಾಕಿ ಬೆಳೆದಾಗ ‘ನೀನೂ ನಾಲ್ವರಿಗೆ ಮಾರು’ ಎನ್ನುತ್ತಾನೆ. ಹೀಗೆ ಸಾಲಗಾರನೇ ಮಾರಾಟಗಾರ, ಮುಂದೆ ವಸೂಲಿಗಾರನಾಗುತ್ತಾನೆ. ಕೊಲೆಗಾರನಾಗುವವನೂ ಒಂದು ದಿನ ಯಾರದೋ ಮನೆಯ ಹೆದರಿದ ಹುಡುಗನಾಗಿದ್ದ.

ಕಾಡುಪ್ರಾಣಿಗಳ ಜೀವ ಉಳಿಸಲೆಂದು 2009ರಿಂದ ಬಂಡೀಪುರದ ರಸ್ತೆಯನ್ನು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತಾರೆ. ನಮ್ಮ ಮಕ್ಕಳ ಜೀವ ಉಳಿಯಬೇಕಾದರೆ ಮನೆಯ ಬಾಗಿಲು ಯಾವ ಹೊತ್ತಿಗೂ ತೆರೆದಿರಬೇಕು. ‘ಅಬ್ಬಾ, ನಾನು ತಪ್ಪು ಮಾಡಿದ್ದೇನೆ’ ಎನ್ನಲು ಮಗನಿಗೆ ಧೈರ್ಯ ಬರಬೇಕು. ಕುಡಿದು ಶಿಕ್ಷೆಗೊಳಗಾದ ಒಬ್ಬನನ್ನು ಜನರು ಶಪಿಸಿದಾಗ ಪ್ರವಾದಿ(ಸ)ರು ತಡೆದರು, ಅವನ ವಿರುದ್ಧ ಶೈತಾನನಿಗೆ ನೆರವಾಗಬೇಡಿರೆಂದರು. ಶಿಕ್ಷೆಯೂ ಇತ್ತು, ಕರುಣೆಯೂ ಇತ್ತು. ನಮ್ಮಲ್ಲಿ ಏನಿದೆ? ಮರ್ಯಾದೆ ಹೋಯಿತೆಂಬ ಚಿಂತೆ ಮಾತ್ರ.

ಬೆದರಿಕೆ ಬಂದರೆ ಗುಟ್ಟಾಗಿ ಹಣ ಕಟ್ಟುತ್ತಾ ಕೂರಬೇಡಿ. ಮಸೀದಿಯ ಜವಾಬ್ದಾರರನ್ನು ಕರೆದುಕೊಂಡು ಪೊಲೀಸರ ಬಳಿ ಹೋಗಿ. ಮಾದಕ ವಸ್ತುಗಳ 1985ರ ಕಾಯ್ದೆಯ 64ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿಯು ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ರಕ್ಷಣೆಯಿದೆ. ಅರ್ಧಕ್ಕೆ ಚಿಕಿತ್ಸೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ವ್ಯಸನಮುಕ್ತಿಗೆ 14446 ಎಂಬ ಉಚಿತ ದೂರವಾಣಿಯೂ ಇದೆ.

ಇಂದು ಇಶಾ ನಮಾಝಿನ ಬಳಿಕ ಮಗನ ಪಕ್ಕ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಗದರಬೇಡಿ, ಕೇಳಿಸಿಕೊಳ್ಳಿ. ಅಲ್ಲಾಹನು ನಮ್ಮ ಮಕ್ಕಳ ಕೈಗಳನ್ನು ರಕ್ತದಿಂದಲೂ, ಬಾಯನ್ನು ಅಮಲಿನಿಂದಲೂ ಕಾಪಾಡಲಿ. ಆಮೀನ್.