ಕಳುಹಿಸಿದವರು ಹೋಗಿ ನೋಡಬೇಕಲ್ಲವೇ?



ಒಳ್ಳೇ ಮನಸ್ಸಿನಿಂದ ಮಾಡಿದ ಕಾರ್ಯದಿಂದ ಒಂದು ಬಡ ಮಗುವಿಗೆ ಕೇಡು ಉಂಟಾದರೆ, ಆ ಕಾರ್ಯ ಮಾಡಿದವನು ಅದಕ್ಕೆ ಉತ್ತರ ಕೊಡಬೇಕೋ ಇಲ್ಲವೋ? ಮನಸ್ಸು ಶುದ್ಧವಾಗಿದ್ದರೆ ಸಾಕು, ಉಳಿದದ್ದು ದೇವರ ಚಿತ್ತವೆಂದು ನಮ್ಮಲ್ಲಿ ಅನೇಕರು ಹೇಳುವದುಂಟು. ಇದು ಭಕ್ತಿಯ ಮಾತಿನಂತೆ ಕೇಳಿಬರುತ್ತದೆ. ಆದರೆ ಒರೆಗಲ್ಲಿಗೆ ಹಚ್ಚಿ ನೋಡದೆ ಯಾವ ಮಾತನ್ನೂ ಚಿನ್ನವೆಂದು ಒಪ್ಪಿಕೊಳ್ಳಬಾರದು. ಆದಕಾರಣ, ಬ್ರಿಟಿಷ್ ದೇಶದ ಬಡ ಮಕ್ಕಳನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಸಮುದ್ರದ ಆಚೆಗೆ ಕಳುಹಿಸಿದ ವೃತ್ತಾಂತವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ. ಹಾಗೆ ಕಳುಹಿಸಿದವರಲ್ಲಿ ಅನೇಕರು ನಮ್ಮ ಹಾಗೆಯೇ ಮೊಣಕಾಲೂರಿ ಪ್ರಾರ್ಥಿಸುವ ಜನರಾಗಿದ್ದರು. ಆದದರಿಂದ ಈ ವಿಚಾರಣೆಯು ಪರರ ಮನೆಯಲ್ಲಿ ಅಲ್ಲ, ನಮ್ಮ ಮನೆಯಲ್ಲೇ ಆರಂಭವಾಗತಕ್ಕದ್ದು.

ನೂರೈವತ್ತು ವರುಷಗಳ ಹಿಂದೆ ಲಂಡನ್ ಪಟ್ಟಣಕ್ಕೆ ಲೋಕದ ಐಶ್ವರ್ಯವೆಲ್ಲಾ ಹರಿದು ಬರುತ್ತಿತ್ತು. ಆದಾಗ್ಯೂ ಅದರ ಓಣಿಗಳಲ್ಲಿ ಚಿಂದಿ ಬಟ್ಟೆಯ ಮಕ್ಕಳು ರಾತ್ರಿಯ ಚಳಿಯಲ್ಲಿ ಮಾಳಿಗೆಗಳ ಮೇಲೆಯೂ ಮೂಲೆಮುಡುಕುಗಳಲ್ಲಿಯೂ ಮಲಗುತ್ತಿದ್ದರು. ಚೀನ ದೇಶಕ್ಕೆ ಮಿಶನೆರಿಯಾಗಿ ಹೋಗಬೇಕೆಂದು ವೈದ್ಯವಿದ್ಯೆ ಕಲಿಯಲು ಆ ಪಟ್ಟಣಕ್ಕೆ ಬಂದ ತಾಮಸ್ ಬರ್ನಾರ್ಡೋ ಸಾಹೇಬರು ಈ ಮಕ್ಕಳನ್ನು ಕಂಡು ಅಲ್ಲಿಯೇ ನಿಂತರು. ೧೮೭೦ರಲ್ಲಿ ಸ್ಟೆಪ್ನಿ ಎಂಬಲ್ಲಿ ಹುಡುಗರಿಗಾಗಿ ಒಂದು ಮನೆಯನ್ನು ತೆರೆದರು. ಒಂದು ರಾತ್ರಿ ಹನ್ನೊಂದು ವರುಷದ ಹುಡುಗನೊಬ್ಬನು ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡಾಗ, ಮನೆ ತುಂಬಿದೆಯೆಂದು ಅವನನ್ನು ಬಿಟ್ಟುಬಂದರು. ಕೆಲವು ದಿವಸಗಳಲ್ಲಿ ಆ ಹುಡುಗನು ಹಸಿವಿನಿಂದಲೂ ಚಳಿಯಿಂದಲೂ ಸತ್ತು ಸಿಕ್ಕಿದನು. ಆ ಮೇಲೆ, ದಿಕ್ಕಿಲ್ಲದ ಯಾವ ಮಗುವನ್ನೂ ಇಲ್ಲಿಂದ ತಿರುಗಿ ಕಳುಹಿಸುವದಿಲ್ಲವೆಂದು ಬಾಗಿಲಲ್ಲಿ ಹಲಗೆ ಹಾಕಿಸಿದರು ಎಂದು ಆ ಸಂಸ್ಥೆಯವರೇ ಹೇಳುತ್ತಾ ಬಂದಿದ್ದಾರೆ. ಒಂದೇ ಮಗುವಿನ ಸಾವು ಒಬ್ಬ ಮನುಷ್ಯನ ಮನಸ್ಸಾಕ್ಷಿಯನ್ನು ಹೀಗೆ ಎಬ್ಬಿಸಿತು. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ಯಾರನ್ನೂ ತಿರುಗಿ ಕಳುಹಿಸದ ಮನೆ ಬೇಗನೇ ತುಂಬುತ್ತದೆ. ತುಂಬಿದ ಮನೆಯ ಮಕ್ಕಳಿಗೆ ಎಲ್ಲಿ ಸ್ಥಳ? ಕೆನಡಾ ಸೀಮೆಯಲ್ಲಿ ಭೂಮಿ ಬಹಳ, ಕೈಗಳು ಕಡಿಮೆ. ಲಂಡನಿನಲ್ಲಿ ಕೈಗಳು ಬಹಳ, ಅನ್ನ ಕಡಿಮೆ. ಹೀಗಿರಲಾಗಿ ಈ ಮಕ್ಕಳನ್ನು ಆ ಸೀಮೆಯ ಬೇಸಾಯಗಾರರ ಮನೆಗಳಿಗೆ ಕಳುಹಿಸಿದರೆ ಇಬ್ಬರಿಗೂ ಹಿತವೆಂದು ಅನೇಕರು ನೆನಸಿದರು. ೧೮೬೯ರಲ್ಲಿ ಮರಿಯಾ ರೈ ಎಂಬ ದೊರೆಸಾನಿಯವರು ಮೊದಲನೆಯ ಗುಂಪನ್ನು ಕರಕೊಂಡು ಹೋದರು. ೧೮೭೦ರಲ್ಲಿ ಆನಿ ಮ್ಯಾಕ್‌ಫರ್ಸನ್ ದೊರೆಸಾನಿಯವರು ನೂರು ಮಂದಿ ಹುಡುಗರನ್ನು ಒಯ್ದರು. ಬರ್ನಾರ್ಡೋ ಸಾಹೇಬರ ಮಕ್ಕಳು ೧೮೮೨ರಿಂದ ಹೋಗತೊಡಗಿದರು. ಈ ಕಾರ್ಯ ನಿಲ್ಲುವಷ್ಟರಲ್ಲಿ ಸುಮಾರು ೧,೦೦,೦೦೦ ಮಕ್ಕಳು ಕೆನಡಾ ಸೀಮೆಗೆ ಹೋಗಿದ್ದರು. ಹಡಗು ಹೊರಡುವಾಗ ಕೀರ್ತನೆಗಳನ್ನು ಹಾಡಿದರು. ಪ್ರತಿ ಮಗುವಿಗೆ ಹೊಸ ಬಟ್ಟೆಯ ಪೆಟ್ಟಿಗೆಯನ್ನು ಕೊಟ್ಟರು. ಅದನ್ನು ನೋಡಿದವರು ಕಣ್ಣೀರು ಒರಸಿಕೊಂಡು ದೇವರನ್ನು ಕೊಂಡಾಡಿದರೆ ಆಶ್ಚರ್ಯವಿಲ್ಲ.

ಆದರೆ ಹಡಗು ಇಳಿದ ಮೇಲೆ ಏನಾಯಿತು? ನಮ್ಮ ಹಳ್ಳಿಗಳಲ್ಲಿ ಮನೆಗೆ ಮನೆ ತಗಲಿಕೊಂಡಿರುತ್ತದೆ. ಒಂದು ಮನೆಯಲ್ಲಿ ಮಗು ಅತ್ತರೆ ಬೀದಿಗೆಲ್ಲಾ ಕೇಳುತ್ತದೆ. ಕೆನಡಾ ಸೀಮೆಯಲ್ಲಿ ಹಾಗಲ್ಲ. ಬೇಸಾಯಗಾರನ ಮನೆ ಅವನ ಹೊಲದ ನಡುವೆ ಒಂಟಿಯಾಗಿರುತ್ತದೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತದೆ. ಅಂಥ ಮನೆಗೆ ಹತ್ತು ಹನ್ನೆರಡು ವರುಷದ ಹುಡುಗನು ಒಬ್ಬನೇ ಹೋಗಿ ಸೇರಿದನು. ಯಜಮಾನನು ದಯಾಳುವಾಗಿದ್ದರೆ ಅವನಿಗೆ ಮನೆ ಸಿಕ್ಕಿತು, ಕ್ರೂರನಾಗಿದ್ದರೆ ಸೆರೆ ಸಿಕ್ಕಿತು. ಎರಡರಲ್ಲಿ ಯಾವದು ಸಿಕ್ಕಿತೆಂದು ತಿಳುಕೊಳ್ಳುವವರು ಯಾರು?

ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಕೇಳಿದವರು ಆಂಡ್ರ್ಯೂ ಡಾಯ್ಲ್ ಎಂಬ ಸರಕಾರಿ ಅಧಿಕಾರಿಗಳು. ಅವರು ೧೮೭೪ರಲ್ಲಿ ಕೆನಡಾಕ್ಕೆ ಹೋಗಿ, ಮಕ್ಕಳಿರುವ ಮನೆಗಳನ್ನು ಸ್ವತಃ ಸುತ್ತಿ ನೋಡಿ, ೧೮೭೫ರಲ್ಲಿ ವರದಿಯನ್ನು ಒಪ್ಪಿಸಿದರು. ಕಳುಹಿಸುವವರ ಒಳ್ಳೇ ಮನಸ್ಸನ್ನು ಅವರು ಅಲ್ಲಗಳೆಯಲಿಲ್ಲ. ಮಕ್ಕಳನ್ನು ಮನೆಗಳಲ್ಲಿ ಇಟ್ಟ ಮೇಲೆ ಸರಿಯಾಗಿ ಹೋಗಿ ನೋಡುವವರಿಲ್ಲ ಎಂಬದೇ ಅವರ ಮುಖ್ಯವಾದ ದೂರು. ದತ್ತು ಅಂದರೆ ಏನೆಂದು ಕೇಳಿದಾಗ ಒಬ್ಬ ಹುಡುಗಿ ಅವರಿಗೆ ಕೊಟ್ಟ ಉತ್ತರವು, ಸಂಬಳವಿಲ್ಲದೆ ದುಡಿಸಿಕೊಳ್ಳುವದಕ್ಕೆ ಹುಡುಗಿಯನ್ನು ಇಟ್ಟುಕೊಳ್ಳುವದೇ ದತ್ತು ಎಂಬ ಅರ್ಥವುಳ್ಳದ್ದಾಗಿತ್ತು. ವರದಿಯ ತರುವಾಯ ಸರಕಾರದ ಬಡವರ ಮನೆಗಳಿಂದ ಮಕ್ಕಳನ್ನು ಕಳುಹಿಸುವದು ೧೮೮೩ರ ವರೆಗೆ ನಿಂತಿತು. ಧರ್ಮಸಂಸ್ಥೆಗಳು ಮಾತ್ರ ನಿಲ್ಲಿಸಲಿಲ್ಲ. ಒಳ್ಳೇ ಕಾರ್ಯದಲ್ಲಿ ತಪ್ಪು ತೋರಿಸುವವನು ಶತ್ರುವಿನಂತೆ ಕಾಣುವದು ಮನುಷ್ಯನ ಹಳೇ ರೋಗ.

ಇಪ್ಪತ್ತು ವರುಷಗಳಾದವು. ೧೮೯೫ರ ವಸಂತಕಾಲದಲ್ಲಿ ಜಾರ್ಜ್ ಗ್ರೀನ್ ಎಂಬ ಹದಿನೈದು ವರುಷದ ಹುಡುಗನನ್ನು ಬರ್ನಾರ್ಡೋ ಸಾಹೇಬರ ಸಂಸ್ಥೆಯಿಂದ ಕೆನಡಾಕ್ಕೆ ಕಳುಹಿಸಿದರು. ಅವನಿಗೆ ದೃಷ್ಟಿದೋಷವಿತ್ತು, ಮೊದಲು ಇಟ್ಟುಕೊಂಡ ಬೇಸಾಯಗಾರನು ಇವನು ಕೆಲಸಕ್ಕೆ ಬಾರನೆಂದು ಹಿಂದಕ್ಕೆ ಕಳುಹಿಸಿಬಿಟ್ಟನು. ಆ ಮೇಲೆ ಒಂಟೇರಿಯೋ ಪ್ರಾಂತದ ಓವನ್ ಸೌಂಡ್ ಪಟ್ಟಣದ ಸಮೀಪದಲ್ಲಿ ಒಬ್ಬ ಹೆಂಗಸು ನಡಿಸುತ್ತಿದ್ದ ಬೇಸಾಯದ ಮನೆಗೆ ಅವನನ್ನು ಸೇರಿಸಿದರು. ಅದೇ ವರುಷದ ನವಂಬರ ತಿಂಗಳಲ್ಲಿ ಅವನು ಸತ್ತನು. ಶವವನ್ನು ಪರೀಕ್ಷಿಸಿದಾಗ ದೇಹವು ಒಣಗಿ ಎಲುಬಾಗಿತ್ತು, ಮೈಮೇಲೆ ಗಾಯಗಳಿದ್ದವು. ಯಜಮಾನಿಯ ಮೇಲೆ ಮೊಕದ್ದಮೆ ನಡೆಯಿತು. ಅವಳು ಹುಡುಗನನ್ನು ಹೊಡೆಯುತ್ತಿದ್ದದ್ದನ್ನು ಕಂಡೆವೆಂದು ನೆರೆಯವರು ಸಾಕ್ಷಿ ಹೇಳಿದರು. ಸಾವಿನ ಕಾರಣವನ್ನು ಕುರಿತು ವೈದ್ಯರ ಮಾತು ಒಂದೇ ಆಗಲಿಲ್ಲ. ಪಂಚರಲ್ಲಿಯೂ ಒಮ್ಮತ ಹುಟ್ಟಲಿಲ್ಲ. ಅವಳಿಗೆ ಶಿಕ್ಷೆಯಾಗಲಿಲ್ಲ.

ವಾಚಕರೇ, ಇಲ್ಲಿ ನಾವು ಸ್ವಲ್ಪ ನಿಲ್ಲೋಣ. ಆ ಹೆಂಗಸಿನ ತೀರ್ಪನ್ನು ದೇವರಿಗೆ ಬಿಡೋಣ. ಆದರೆ ಸತ್ತ ಮೇಲೆ ಸಾಕ್ಷಿ ಹೇಳುವದಕ್ಕೆ ಬಂದವರು ಬದುಕಿದ್ದಾಗ ಅವನನ್ನು ಅಲ್ಲಿಂದ ಬಿಡಿಸಲಿಲ್ಲ. ಕಳುಹಿಸಿದವರೂ ವೇಳೆಗೆ ಬಂದು ಬಿಡಿಸಲಿಲ್ಲ. ಲಂಡನಿನ ಓಣಿಯಲ್ಲಿ ಒಂದು ಹುಡುಗನು ಸತ್ತಾಗ ಬರ್ನಾರ್ಡೋ ಸಾಹೇಬರು ಕಣ್ಣಾರೆ ಕಂಡು ಎದೆಯೊಡೆದು ಬಾಗಿಲು ತೆರೆದರು. ಸಮುದ್ರದ ಆಚೆಯ ಹುಡುಗನು ಅವರ ಕಣ್ಣಿಗೆ ಬೀಳಲಿಲ್ಲ. ಮನುಷ್ಯನೂ ಅದೇ, ಮನಸ್ಸೂ ಅದೇ. ಕಣ್ಣು ಹೋಗದ ಕಡೆಗೆ ದಯೆಯೂ ಹೋಗಲಾರದೆ ಉಳಿಯಿತು.

ಇದಕ್ಕೆ ಕೆಲವರು ಹೀಗೆ ಉತ್ತರ ಹೇಳುವರು: ಲಂಡನಿನಲ್ಲಿಯೇ ಇದ್ದಿದ್ದರೆ ಇವರಲ್ಲಿ ಅನೇಕರು ಸಾಯುತ್ತಿದ್ದರು, ಹೋದವರಲ್ಲಿ ಬಹು ಮಂದಿ ಬದುಕಿ, ಹೊಲಮನೆ ಮಾಡಿಕೊಂಡು, ಮಕ್ಕಳು ಮೊಮ್ಮಕ್ಕಳನ್ನು ಕಂಡರು, ಕೆಲವರಿಗೆ ಕೇಡಾಯಿತೆಂದು ಕಾರ್ಯವನ್ನೆಲ್ಲಾ ದೂಷಿಸಬಹುದೋ? ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾವು ಹೇಳುವದಿಲ್ಲ. ಕೆನಡಾದಲ್ಲಿ ಇಂದು ಈ ಮಕ್ಕಳ ವಂಶದವರು ಲಕ್ಷಾಂತರ ಮಂದಿ ಇದ್ದಾರೆ. ಆದರೂ ಮಕ್ಕಳ ವಿಷಯದಲ್ಲಿ ಇಂಥ ಲೆಕ್ಕ ಸಲ್ಲದು. ನೂರು ಕುರಿಗಳಲ್ಲಿ ಒಂದು ತಪ್ಪಿಹೋದಾಗ ತೊಂಭತ್ತೊಂಭತ್ತು ಉಳಿದಿವೆಯೆಂದು ಸಮಾಧಾನ ಹೊಂದುವ ಕುರುಬನನ್ನು ನಮ್ಮ ಕರ್ತನು ಹೊಗಳಲಿಲ್ಲ. ಒಳ್ಳೇ ಕುರುಬನು ಎಣಿಸಿ ನೋಡುತ್ತಾನೆ, ಒಂದು ಕಡಿಮೆಯಾದದ್ದು ಅವನಿಗೆ ಗೊತ್ತಾಗುತ್ತದೆ, ಹುಡುಕುತ್ತಾ ಹೋಗುತ್ತಾನೆ. ಎಣಿಸದವನಿಗೆ ಕುರಿ ತಪ್ಪಿದ್ದೇ ತಿಳಿಯದು.

ಎಣಿಸುವದಕ್ಕೂ ಎಣಿಸದಿರುವದಕ್ಕೂ ಇರುವ ಭೇದವನ್ನು ತೋರಿಸುವ ಮತ್ತೊಂದು ಸಂಗತಿಯುಂಟು. ಎರಡನೇ ಮಹಾಯುದ್ಧದಲ್ಲಿ ಬಾಂಬುಗಳ ಭಯದಿಂದ ಬ್ರಿಟಿಷ್ ಸರಕಾರದವರು ಮಕ್ಕಳನ್ನು ಹೊರದೇಶಗಳಿಗೆ ಕಳುಹಿಸತೊಡಗಿದರು. ೧೯೪೦ರ ಸಪ್ಟಂಬರ ೧೭ರ ರಾತ್ರಿ, ನಮ್ಮ ಕಾಶೀ ಪಟ್ಟಣದ ಹೆಸರನ್ನು ಹೊತ್ತ ಸಿಟಿ ಆಫ್ ಬೆನಾರೆಸ್ ಎಂಬ ಹಡಗನ್ನು ಜರ್ಮನರ ಜಲಾಂತರ್ಗಾಮಿಯು ಮುಳುಗಿಸಿತು. ಅದರಲ್ಲಿ ಸರಕಾರದವರು ಕಳುಹಿಸಿದ ೯೦ ಮಕ್ಕಳಿದ್ದರು. ೭೭ ಮಂದಿ ಸತ್ತರು. ಹಡಗಿನ ಆಳುಗಳಾಗಿದ್ದ ಇಂಡಿಯಾ ದೇಶದ ನಾವಿಕರಲ್ಲಿಯೂ ಅನೇಕರು ಸತ್ತರು. ದೇಶವೆಲ್ಲಾ ಗೋಳಾಡಿತು, ಕೆಲವೇ ವಾರಗಳಲ್ಲಿ ಆ ಏರ್ಪಾಟು ನಿಂತಿತು.

ಎಪ್ಪತ್ತೇಳು ಮಕ್ಕಳು ಒಂದೇ ರಾತ್ರಿಯಲ್ಲಿ ಸತ್ತಾಗ ಸರಕಾರವು ತಟ್ಟನೆ ನಿಂತಿತು. ಕೆನಡಾದ ಹೊಲಗಳಲ್ಲಿ ಮಕ್ಕಳು ರೋಗದಿಂದಲೂ ಅಪಘಾತದಿಂದಲೂ ಕ್ರೌರ್ಯದಿಂದಲೂ ಒಬ್ಬೊಬ್ಬರಾಗಿ ಸತ್ತಾಗ ಹಡಗುಗಳು ಹೋಗುತ್ತಲೇ ಇದ್ದವು. ೧೯೨೩–೨೪ರ ಚಳಿಗಾಲದಲ್ಲಿ ಕೆಲವು ಹುಡುಗರು ತಮ್ಮ ಪ್ರಾಣವನ್ನು ತಾವೇ ತಕ್ಕೊಂಡ ಮೇಲೆ, ಮಾರ್ಗರೆಟ್ ಬಾಂಡ್‌ಫೀಲ್ಡ್ ಎಂಬವರ ಮುಂದಾಳುತನದಲ್ಲಿ ಒಂದು ಮಂಡಲಿಯು ಅಲ್ಲಿಗೆ ಹೋಗಿ ವಿಚಾರಿಸಿತು. ೧೯೨೫ರಿಂದ ಹದಿನಾಲ್ಕು ವರುಷದೊಳಗಿನ ಮಕ್ಕಳನ್ನು ತಂದೆತಾಯಿಗಳಿಲ್ಲದೆ ಕೆನಡಾಕ್ಕೆ ಸೇರಿಸಬಾರದೆಂದಾಯಿತು. ಡಾಯ್ಲ್‌ರ ವರದಿಗೂ ಇದಕ್ಕೂ ನಡುವೆ ಐವತ್ತು ವರುಷ! ಯಾಕೆ ಇಷ್ಟು ತಡ? ಹಡಗಿನಲ್ಲಿ ಸತ್ತ ಮಕ್ಕಳಿಗೆ ತಂದೆತಾಯಿಗಳು ಬಾಗಿಲಲ್ಲಿ ನಿಂತು ಕಾದಿದ್ದರು. ಹೊಲದಲ್ಲಿ ಸತ್ತ ಮಗುವಿಗಾಗಿ ಕೇಳುವ ಬಾಯಿ ಹತ್ತಿರದಲ್ಲಿರಲಿಲ್ಲ. ಕೇಳುವ ಬಾಯಿಲ್ಲದ ಸಾವು ಮನುಷ್ಯರ ಲೆಕ್ಕಕ್ಕೆ ಬರುವದಿಲ್ಲ. ದೇವರ ಲೆಕ್ಕದಲ್ಲಿ ಅದೇ ಮೊದಲನೆಯದಾಗಿರುವದೆಂದು ನಾವು ನಂಬುತ್ತೇವೆ.

ಇದಲ್ಲದೆ, ಅನಾಥರೆಂದು ಕರೆಯಲ್ಪಟ್ಟವರಲ್ಲಿ ಅನೇಕರು ಅನಾಥರೇ ಅಲ್ಲ. ಅವರ ತಾಯಿಯೋ ತಂದೆಯೋ ಬಡತನದಲ್ಲಿ ಬದುಕಿದ್ದರು. ಕೆಲವು ಮಕ್ಕಳನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಹಡಗು ಹತ್ತಿಸಿದ್ದುಂಟು. ಮುಂದೆ ಆಸ್ಟ್ರೇಲಿಯಾಕ್ಕೆ ಕಳುಹಿಸಿದ ಮಕ್ಕಳಲ್ಲಿ ಕೆಲವರಿಗೆ, ತಾಯಿ ಬದುಕಿರುವಾಗಲೇ, ನಿನ್ನ ತಾಯಿ ಸತ್ತಳೆಂದು ಹೇಳಿದರು. ಯೋಸೇಫನ ಅಂಗಿಯನ್ನು ರಕ್ತದಲ್ಲಿ ಅದ್ದಿ ಮುದಿ ಯಾಕೋಬನಿಗೆ ತೋರಿಸಿದವರನ್ನು ನಾವು ಬಲ್ಲೆವು. ಇಲ್ಲಿಯೋ ಮಗುವಿಗೇ ತಾಯಿಯ ಸಾವನ್ನು ತೋರಿಸಿದ ಹಾಗಾಯಿತು. ಸುಳ್ಳಿನ ಮೇಲೆ ಕಟ್ಟಿದ ದಯೆ ನಿಲ್ಲಲಾರದು.

ಆಸ್ಟ್ರೇಲಿಯಾಕ್ಕೆ ಮಕ್ಕಳನ್ನು ಕಳುಹಿಸುವದು ಯುದ್ಧದ ತರುವಾಯವೂ ವರುಷಗಟ್ಟಲೆ ನಡೆಯಿತು. ೧೯೮೬ರಲ್ಲಿ ನಾಟಿಂಗ್‌ಹ್ಯಾಮ್ ಪಟ್ಟಣದ ಮಾರ್ಗರೆಟ್ ಹಂಫ್ರೀಸ್ ಎಂಬ ಸಮಾಜಸೇವಕಿಗೆ ಅಂಥ ಒಬ್ಬ ಹೆಂಗಸಿನಿಂದ ಒಂದು ಕಾಗದ ಬಂದಿತು. ತನ್ನವರು ಯಾರೆಂದು ಹುಡುಕಿ ಕೊಡಬೇಕೆಂದು ಅದರಲ್ಲಿ ಬೇಡಿಕೊಂಡಿದ್ದಳು. ಹಂಫ್ರೀಸ್‌ರವರು ಕಾಗದವನ್ನು ಪಕ್ಕಕ್ಕಿಡದೆ ಹೋಗಿ ನೋಡಿದರು. ಹಾಗೆ ಮರೆಯಾಗಿದ್ದದ್ದು ಬೆಳಕಿಗೆ ಬಂದಿತು. ೨೦೦೯ರಲ್ಲಿ ಆಸ್ಟ್ರೇಲಿಯಾದ ಪ್ರಧಾನಮಂತ್ರಿ ಕೆವಿನ್ ರಡ್‌ರವರೂ ೨೦೧೦ರಲ್ಲಿ ಬ್ರಿಟಿಷ್ ಪ್ರಧಾನಮಂತ್ರಿ ಗಾರ್ಡನ್ ಬ್ರೌನ್‌ರವರೂ ದೇಶದ ಪರವಾಗಿ ಕ್ಷಮೆ ಕೇಳಿದರು. ಟೊರಾಂಟೋ ಪಟ್ಟಣದ ಪಾರ್ಕ್ ಲಾನ್ ಎಂಬ ಸಮಾಧಿಸ್ಥಳದಲ್ಲಿ ಇಂಥ ಎಪ್ಪತ್ತಕ್ಕಿಂತ ಹೆಚ್ಚು ಮಕ್ಕಳು ಗುರುತಿನ ಕಲ್ಲಿಲ್ಲದೆ ಹೂಣಲ್ಪಟ್ಟಿದ್ದರು. ೨೦೧೭ರಲ್ಲಿ ಅವರ ನೆನಪಿಗಾಗಿ ಅಲ್ಲಿ ಕಲ್ಲನ್ನು ನಿಲ್ಲಿಸಿದರು. ಕಲ್ಲಿನಿಂದ ಸತ್ತವರು ಎದ್ದು ಬರುವದಿಲ್ಲ. ಆದರೂ ಈ ಮಗು ಇತ್ತು, ನಾವು ನೋಡದೆ ಹೋದೆವು ಎಂದು ಒಪ್ಪಿಕೊಳ್ಳುವದೇ ಮಾನಸಾಂತರದ ಮೊದಲನೆಯ ಹೆಜ್ಜೆ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಒಳ್ಳೇ ಮನಸ್ಸಿನವನೂ ಉತ್ತರ ಕೊಡಬೇಕು. ಮಗುವನ್ನು ನಿನ್ನ ಕೈಯಿಂದ ಇನ್ನೊಬ್ಬನ ಕೈಗೆ ಒಪ್ಪಿಸಿದಾಗ ಭಾರವು ನಿನ್ನ ಹೆಗಲಿನಿಂದ ಇಳಿಯಲಿಲ್ಲ. ಅದು ದೂರವಾಯಿತು, ಅಷ್ಟೇ. ದೂರವಾದ ಭಾರವನ್ನು ಹೊರುವದಕ್ಕೆ ಇರುವ ದಾರಿ ಒಂದೇ: ಎದ್ದು ಹೋಗಿ ನೋಡುವದು. ನೋಡದೆ ದೇವರ ಚಿತ್ತವೆಂದು ಹೇಳುವವನು ತನ್ನ ಸೋಮಾರಿತನಕ್ಕೆ ದೇವರ ಹೆಸರಿಡುತ್ತಾನೆ.

ಪ್ರಿಯರೇ, ಬರ್ನಾರ್ಡೋ ಸಾಹೇಬರ ಮೇಲೆ ಕಲ್ಲೆಸೆಯುವದಕ್ಕಾಗಿ ನಾವು ಇದನ್ನು ಬರೆದವರಲ್ಲ. ಅವರು ಮಾಡಿದ ಒಳ್ಳೇದರಲ್ಲಿ ನೂರರಲ್ಲಿ ಒಂದು ಪಾಲನ್ನೂ ನಾವು ಮಾಡಿಲ್ಲ. ಆದರೆ ನಮ್ಮ ಸಭೆಗಳಲ್ಲಿಯೂ ತಂದೆ ಸತ್ತ ಮಕ್ಕಳಿದ್ದಾರೆ. ಓದಿಸುತ್ತೇವೆ, ಸಾಕುತ್ತೇವೆ ಎಂದು ಪಟ್ಟಣದವರು ಬಂದು ಕೇಳಿದಾಗ, ಬಡ ವಿಧವೆಯು ಕಣ್ಣೀರಿಟ್ಟು ಮಗಳನ್ನು ಕೊಡುತ್ತಾಳೆ. ಹಿರಿಯರು ತಲೆದೂಗಿ, ಒಳ್ಳೇ ಮನೆ ಸೇರಿತೆಂದು ಸಂತೋಷಪಡುತ್ತಾರೆ. ಹದಿನಾಲ್ಕು ವರುಷದೊಳಗಿನ ಮಗುವನ್ನು ಮನೆಗೆಲಸಕ್ಕಿಡುವದು ನಮ್ಮ ದೇಶದ ಕಾನೂನಿಗೆ ವಿರುದ್ಧವೆಂದು ತಿಳಿದೂ ಸುಮ್ಮನಿರುತ್ತಾರೆ. ಆ ಮಗು ಈಗ ಪುಸ್ತಕ ಹಿಡಿದಿದೆಯೋ ಕಸಬರಿಗೆ ಹಿಡಿದಿದೆಯೋ ಎಂದು ಹೋಗಿ ನೋಡಿದವರು ಯಾರು?

ನಿಮ್ಮ ಸಭೆಯಿಂದ ಹೀಗೆ ಹೊರಗೆ ಹೋದ ಮಕ್ಕಳ ಹೆಸರುಗಳನ್ನು ಬರುವ ಆದಿತ್ಯವಾರದ ಆರಾಧನೆಯಾದ ಮೇಲೆ ಕುಳಿತು ಬರೆಯಿರಿ. ಪ್ರತಿ ಹೆಸರಿನ ಮುಂದೆ, ಕಡೆಯದಾಗಿ ಯಾರು ಯಾವಾಗ ನೋಡಿ ಬಂದರೆಂಬದನ್ನೂ ಬರೆಯಿರಿ. ಬರೆಯುವದಕ್ಕೆ ಏನೂ ಇಲ್ಲದ ಹೆಸರು ಒಂದು ಸಿಕ್ಕಿದರೆ, ಸೋಮವಾರದ ಬಸ್ಸಿಗೆ ಒಬ್ಬರು ಹೊರಡಲಿ.